ಎಡಕ್ಕೆ ಒಂಥರಾ, ಬಲಕ್ಕೆ ಇನ್ನೊಂಥರಾ

ನಾನು ಶೆಡ್ಡಿನಲ್ಲಿ ಕಟ್ಟಿಕೊಂಡ ಎರಡು ಸೀಟಿನ ಕಾರು ನೋಡಲು ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು ಲೋಟಸ್ ಸೆವೆನ್ ಥರ ಇದೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮಾತ್ರ ಮಾರುತಿ ಜಿಪ್ಸಿಯವು. ಇಂಥ ಗಾಡಿಗೆ ನಂಬರ್ ಪ್ಲೇಟು ಸಿಗುವುದಿಲ್ಲ. ಹಾಗಾಗಿ ಲಾರಿಗೆ ಹೇರಿಕೊಂಡು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು ಓಡಿಸುತ್ತೇನೆ.

ಜಿಪ್ಸಿಯ ಲೀಫ್ ಸ್ಪ್ರಿಂಗ್ ಈ ಹಗುರ ಕಾರಿಗೆ ವಿಪರೀತ ಗಟ್ಟಿ. ಸಣ್ಣ ಉಬ್ಬು ಸಿಕ್ಕರೂ ಹಿಂಭಾಗ ಹಾರುತ್ತಿತ್ತು. ಅದನ್ನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿದೆ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ ನಾಲ್ಕು ರಾಡು, ಪಕ್ಕಕ್ಕೆ ಸರಿಯದಂತೆ 600 ಮಿಲಿಮೀಟರಿನ ಒಂದು ಪ್ಯಾನ್‌ಹಾರ್ಡ್ ರಾಡು. ಇದು ಅಡ್ಡಕ್ಕೆ ಕೂರುತ್ತದೆ, ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ.

ಟ್ರ್ಯಾಕಿನಲ್ಲಿ ವಿಚಿತ್ರ ಶುರುವಾಯಿತು. ಬಲ ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುತ್ತದೆ. ಎಡ ತಿರುವಿನಲ್ಲಿ ಹಿಂಭಾಗ ಯಾರೋ ಎತ್ತಿ ಹಿಡಿದಂತೆ ಹಗುರ. ಮೊದಲು ಟೈರಿನ ಮೇಲೆ ಅನುಮಾನ ಬಂತು. ಗಾಳಿ ನೋಡಿದೆ, ಟೈರು ಅದಲು ಬದಲು ಮಾಡಿದೆ. ಏನೂ ಬದಲಾಗಲಿಲ್ಲ.

ಕಾರಿನಡಿ ಮಲಗಿ ಅಳತೆ ಹಿಡಿದಾಗ ಗೊತ್ತಾಯಿತು. ನೆಲಕ್ಕೆ ಸಮವಾಗಿರಬೇಕಾದ ಪ್ಯಾನ್‌ಹಾರ್ಡ್ ರಾಡು ಚಾಸಿ ಕಡೆ 60 ಮಿಲಿಮೀಟರ್ ಕೆಳಗಿತ್ತು. ಅಂದರೆ ಹತ್ತಕ್ಕೆ ಒಂದರ ಇಳಿಜಾರು. ತಿರುವಿನಲ್ಲಿ ರಾಡಿನ ಮೇಲೆ 200 ಕೆಜಿ ಎಳೆತ ಬಿದ್ದರೆ ಸುಮಾರು 20 ಕೆಜಿ ಚಾಸಿಯನ್ನು ಮೇಲೆತ್ತುತ್ತದೆ. ಇನ್ನೊಂದು ಕಡೆ ತಿರುಗಿದರೆ ಅಷ್ಟೇ ಭಾರ ಕೆಳಕ್ಕೆ ಒತ್ತುತ್ತದೆ. ಮೇಲಾಗಿ, ಸಮ ಇದ್ದಾಗ 50 ಮಿಲಿಮೀಟರ್ ಕುಸಿತಕ್ಕೆ ಆಕ್ಸಲ್ ಪಕ್ಕಕ್ಕೆ ಸರಿಯುವುದು 2 ಮಿಲಿಮೀಟರ್. ಹೀಗೆ ವಾಲಿದ್ದರೆ 7!

ತಪ್ಪು ನನ್ನದೇ. ಎಂಜಿನ್ ಇಲ್ಲ, ಟ್ಯಾಂಕ್ ಇಲ್ಲ, ಸೀಟಿನಲ್ಲಿ ನಾನೂ ಇಲ್ಲ. ಬರೀ ಚಾಸಿ ಇದ್ದಾಗಲೇ ಬ್ರಾಕೆಟ್ ವೆಲ್ಡ್ ಮಾಡಿಸಿದ್ದೆ. ಎಷ್ಟು ಕುಸಿಯಬಹುದು ಅಂತ ಲೆಕ್ಕ ಹಾಕಿದ್ದೆ, ಆದರೆ ಅದೂ ಕೆಟ್ಟಿತ್ತು. ಟೈರಿಗೆ ತಾಗದಿರಲಿ ಅಂತ ಸ್ಪ್ರಿಂಗ್‌ಗಳನ್ನು 30 ಡಿಗ್ರಿ ಒಳಕ್ಕೆ ವಾಲಿಸಿದ್ದೆ. ಅಷ್ಟು ವಾಲಿದರೆ ಚಕ್ರಕ್ಕೆ ಸಿಗುವ ಬಿಗಿ ಮುಕ್ಕಾಲು ಪಾಲು ಮಾತ್ರ, ಕೊಸೈನ್ ವರ್ಗದ ಲೆಕ್ಕ ಅದು. ಹಾಗಾಗಿ ಚಾಸಿ ನನ್ನ ಲೆಕ್ಕಕ್ಕಿಂತ ಜಾಸ್ತಿ ಕುಸಿದಿತ್ತು. ಕಾಲೇಜಿನಲ್ಲಿ ಓದಿದ್ದೇ, ಅಲ್ವಾ!

ಈ ಸಲ ಸ್ಪ್ರಿಂಗ್‌ಗಳನ್ನು 15 ಡಿಗ್ರಿಗೆ ನೆಟ್ಟಗೆ ಮಾಡಿದೆ. ಈಗ ಬಿಗಿ ಶೇಕಡಾ 93ರಷ್ಟು ಸಿಗುತ್ತದೆ. ಅದಕ್ಕಾಗಿ ಶಾಕ್ ಅಬ್ಸಾರ್ಬರಿನ ಬ್ರಾಕೆಟ್‌ಗಳನ್ನೆಲ್ಲ ಹೊಸದಾಗಿ ಮಾಡಿಸಬೇಕಾಯಿತು. ಟ್ಯಾಂಕ್ ತುಂಬಿಸಿ, ಸೀಟಿನಲ್ಲಿ 25 ಕೆಜಿಯ ಮೂರು ಅಕ್ಕಿ ಮೂಟೆ ಇಟ್ಟು (ನಾನು 74 ಕೆಜಿ), ಕಾರನ್ನು ನಾಲ್ಕಾರು ಸಲ ಕುಲುಕಿ ಕೂರಿಸಿದ ಮೇಲೆಯೇ ರಾಡಿನ ಅಳತೆ ತೆಗೆದೆ. ರಾಡನ್ನು 750ಕ್ಕೆ ಉದ್ದ ಮಾಡಿದೆ. ಚಾಸಿ ಬ್ರಾಕೆಟ್ಟಿಗೆ ಒಂದರ ಕೆಳಗೊಂದು ಐದು ತೂತು ಕೊರೆಸಿದೆ. ಬೇಕೆಂದಾಗ ಬೋಲ್ಟನ್ನು ಬೇರೆ ತೂತಿಗೆ ಬದಲಿಸಬಹುದು. ರಾಡಿನ ಬದಲು ವಾಟ್ಸ್ ಲಿಂಕ್ (ಆಕ್ಸಲ್ ಪಕ್ಕಕ್ಕೆ ಸರಿಯದೆ ನೇರ ಮೇಲೆ ಕೆಳಗೆ ಆಡುವಂತೆ ಹಿಡಿಯುವ ಜೋಡಣೆ) ಹಾಕು ಎಂದವರಿದ್ದರು. ಅದು ಇನ್ನೂ ಚೆನ್ನ, ಆದರೆ ಟ್ಯಾಂಕಿನ ಹಿಂದೆ ಜಾಗವೇ ಇಲ್ಲ.

ಈಗ ಎಡ, ಬಲ ಎರಡೂ ಒಂದೇ. ಉದ್ದ ರಾಡು ಮಾತ್ರ ದೊಡ್ಡ ಗುಂಡಿಗೆ ಸೈಲೆನ್ಸರ್ ಪೈಪಿಗೆ ಬಡಿಯುತ್ತಿದೆ. ಸದ್ಯ ಪೈಪು ಬಿಚ್ಚಿ ಲೇತ್ ಪಕ್ಕದಲ್ಲಿ ಇಟ್ಟಿದ್ದೇನೆ.