ಆಪ್ ಬಿಟ್ಟು ವಾಯ್ಸ್ ಮೆಸೇಜ್ ಹಿಡಿದೆ: ಎಂಎಸ್ ಸುಸ್ತಿನ ಜೊತೆ ನನ್ನ ಅನುಭವ

"ವಾಟ್ಸಾಪ್‌ನಲ್ಲಿ ಥೆರಪಿ ಮಾಡೋಕಾಗುತ್ತಾ?" ಅಂತ ಕೇಳಿದ್ದ ಹಿರಿಯರೊಬ್ಬರೇ ಹೋದ ತಿಂಗಳು ತಮ್ಮ ಇಬ್ಬರು ಪೇಷಂಟ್‌ಗಳನ್ನು ನನ್ನ ಹತ್ತಿರ ಕಳಿಸಿದರು. ಅದಕ್ಕೇ ಬರೆಯುತ್ತಿದ್ದೇನೆ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು ಮತ್ತು ಬೆನ್ನುಹುರಿಯ ನರಗಳಿಗೆ ಬರುವ ಕಾಯಿಲೆ.

ಮೊದಲು ಸೋತ ಕಥೆ. ಎಂಎಸ್ ಸುಸ್ತಿಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಥೆರಪಿ) ಉಪಯೋಗ ಆಗುತ್ತೆ ಅನ್ನೋದು 2008ರ ನ್ಯೂಜಿಲೆಂಡ್ ಅಧ್ಯಯನದಿಂದ ನಿಮಗೂ ಗೊತ್ತು. ಅದನ್ನೇ ಕನ್ನಡದಲ್ಲಿ ಆಪ್ ಮಾಡೋಣ ಅಂತ ಹೊರಟೆ. ಒಂದೂ ಮುಕ್ಕಾಲು ಲಕ್ಷದ ಹತ್ತಿರ ಖರ್ಚಾಯಿತು, ಜಾಸ್ತಿ ಪಾಲು ನನ್ನ ಕೈಯಿಂದಲೇ. ಇಪ್ಪತ್ತು ಚಿಲ್ಲರೆ ಜನ ಹಾಕಿಕೊಂಡರು. ಮೂರನೇ ವಾರಕ್ಕೆ ಅದನ್ನು ತೆರೆಯುತ್ತಿದ್ದವರು ನಾಲ್ಕೋ ಐದೋ ಜನ.

ಯಾಕೆ ಅಂತ ಗೊತ್ತಾಗಿದ್ದು ದಾವಣಗೆರೆಯ ಒಬ್ಬ ಅಕ್ಕನ ಮನೆಗೆ ಹೋದಾಗ. ಏಪ್ರಿಲ್ ಬಿಸಿಲು, ಮಧ್ಯಾಹ್ನ ಎರಡು ಗಂಟೆ. ಅವರು ಮಂಜಾದ ಬಲಗಣ್ಣು ಮುಚ್ಚಿಕೊಂಡು, ಫೋನನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಬೆರಳು ನಡುಗಿ ಪಕ್ಕದ ಬಟನ್ ಒತ್ತಿಹೋಗುತ್ತಿತ್ತು. ಸುಸ್ತಿನ ಬಗ್ಗೆ 21 ಪ್ರಶ್ನೆಗೆ ಉತ್ತರ ತುಂಬುವಷ್ಟರಲ್ಲಿ ಅವರಿಗೆ ಕೂರೋಕೂ ಆಗಲಿಲ್ಲ, ಮಲಗಿಬಿಟ್ಟರು. ಮೈ ಬಿಸಿಯಾದರೆ ಲಕ್ಷಣ ಜಾಸ್ತಿಯಾಗುತ್ತೆ ಅಂತ ಗೊತ್ತಿದ್ದೂ ನೋಟಿಫಿಕೇಶನ್ ಮಧ್ಯಾಹ್ನಕ್ಕೆ ಇಟ್ಟಿದ್ದು ನನ್ನ ತಪ್ಪು. ಆಪ್ ಅವತ್ತೇ ಬಿಟ್ಟೆ.

ಆಮೇಲೆ ಮಾಡಿದ್ದು ಇಷ್ಟೇ. ಬೆಳಗ್ಗೆ ಆರೂವರೆಗೆ ಮೂರು ನಿಮಿಷದ ವಾಯ್ಸ್ ಮೆಸೇಜ್, ವಾರಕ್ಕೊಮ್ಮೆ ಹತ್ತು ನಿಮಿಷ ಫೋನ್, ಎಂಟು ವಾರ. ಪ್ರಶ್ನೆ 21ರ ಬದಲು 9, ಅದೂ ಫೋನಲ್ಲೇ ಕೇಳಿ ನಾವೇ ಬರೆದುಕೊಳ್ಳುವುದು. ಫೋನ್ ಮಾತ್ರ ತಪ್ಪಿಸಬೇಡಿ. ನ್ಯೂಜಿಲೆಂಡಿನವರು ಮುಂದೆ ಅದನ್ನೇ ವೆಬ್‌ಸೈಟ್‌ನಲ್ಲಿ ಮಾಡಿ ನೋಡಿದಾಗಲೂ, ಇಮೇಲಲ್ಲಿ ಮಾತಾಡಿಸುವವರಿದ್ದ ಗುಂಪಿಗೇ ಹೆಚ್ಚು ಗುಣ ಕಂಡಿತ್ತು. ಮೊದಲ ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ, ಜನ ಬಿಟ್ಟುಹೋಗದೆ ಉಳಿಯುವುದೇ ಅದರಿಂದ. ಅದನ್ನು ಸದ್ಯ ಇಲ್ಲಿ ಬರೆಯಲ್ಲ.

ನನಗೆ ಹೆಮ್ಮೆ ಇರೋದು ಎರಡನೇ ಮೆಸೇಜ್ ಬಗ್ಗೆ. ಅದು ಮನೆಯವರಿಗೆ. ಚೆನ್ನಾಗಿದ್ದ ದಿನ ಇಡೀ ವಾರದ ಬಟ್ಟೆ ಒಗೆದು ಮುಂದಿನ ಎರಡು ದಿನ ಹಾಸಿಗೆ ಹಿಡಿಯುವವರು ನಮ್ಮ ಪೇಷಂಟ್‌ಗಳು, ಅದನ್ನು ನೋಡಿದ ಮನೆಯವರು "ನಿನ್ನೆ ಆಗಿದ್ದು ಇವತ್ತು ಯಾಕಾಗಲ್ಲ?" ಅಂತಾರೆ, ಅಲ್ವಾ? ಈ ಸುಸ್ತು ಸೋಮಾರಿತನ ಅಲ್ಲ ಅಂತ ಅವರ ಮಾತಲ್ಲೇ ಹೇಳಿದೆ. ಧಾರವಾಡದ ಕಡೆಯವರಿಗೆ ಬೇರೆ ರೆಕಾರ್ಡಿಂಗ್ ಮಾಡಿಸಿದೆ.

ನಡುವೆ ಒಂದು ವಿಡಿಯೋ ಗುಂಪೂ ಮಾಡಿ ನೋಡಿದೆ. ಹೊಸದಾಗಿ ಕಾಯಿಲೆ ಗೊತ್ತಾದ ಹುಡುಗನೊಬ್ಬ ವೀಲ್‌ಚೇರಿನಲ್ಲಿದ್ದವರನ್ನು ನೋಡಿ ಹೆದರಿ, ವಾರಗಟ್ಟಲೆ ಫೋನೇ ಎತ್ತಲಿಲ್ಲ. ನಿಲ್ಲಿಸಿದೆ. ಈಗ ಒಬ್ಬರಿಗೆ ಒಬ್ಬರನ್ನೇ ಜೋಡಿ ಮಾಡುತ್ತೇನೆ, ಆ ಜೋಡಿ ಹೇಗೆ ಆರಿಸುತ್ತೇನೆ ಅನ್ನೋದು ಇನ್ನೊಮ್ಮೆ.

ಈಗಿನ ಖರ್ಚು ತಿಂಗಳಿಗೆ ಮೂರು ಸಾವಿರದ ಆಸುಪಾಸು. ಸೇರಿದ್ದು 24 ಜನ, ಮುಗಿಸಿದ್ದು 19. ಏಳರ ಅಳತೆಯಲ್ಲಿ ಸುಸ್ತು ಐದೂವರೆ ಇದ್ದದ್ದು ನಾಲ್ಕೂವರೆ ಹತ್ತಿರ ಬಂತು. ಹೋಲಿಸಿ ನೋಡೋಕೆ ಇದ್ಯಾವುದೂ ಸಿಗದ ಕಂಟ್ರೋಲ್ ಗುಂಪು ಇರಲಿಲ್ಲ, ನಿಜ. ಮುಂದಿನ ಸಲ ಇರುತ್ತೆ.

ದಾವಣಗೆರೆಯ ಅಕ್ಕ ಈಗ ಎಂಟು ಗಂಟೆಯೊಳಗೆ ಸ್ಟೂಲ್ ಮೇಲೆ ಕೂತು ರೊಟ್ಟಿ ಮಾಡಿ ಮುಗಿಸುತ್ತಾರೆ. ಮೊನ್ನೆ ಅವರ ಅತ್ತೆಯೇ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದರು: "ಮೇಡಂ, ಆ ಎರಡನೇದು ಇನ್ನೊಂದ್ಸಲ ಕಳಿಸ್ರೀ, ನನ್ನ ಮಗನಿಗೂ ಕೇಳಿಸ್ಬೇಕು."