ಕಿಡಿ ಇಲ್ಲದೆ ದ್ರವ ಹೊತ್ತಿಕೊಳ್ಳುವುದು ಎಷ್ಟು ಬಿಸಿಗೆ? ಅಳೆಯುವುದು ಹೀಗೆ

ಪೆಟ್ರೋಲ್, ಡೀಸೆಲ್ ಎರಡರಲ್ಲಿ ಯಾವುದಕ್ಕೆ ಬೇಗ ಬೆಂಕಿ ಹತ್ತುತ್ತದೆ ಅಂತ ಕೇಳಿದರೆ ಎಲ್ಲರೂ ಪೆಟ್ರೋಲ್ ಅನ್ನುತ್ತಾರೆ. ಕಡ್ಡಿ ಗೀರಿ ನೋಡುವುದಾದರೆ ಅದು ನಿಜ. ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಆದರೆ 50 ಡಿಗ್ರಿ ದಾಟಬೇಕು. ಈಗ ಕಿಡಿಯನ್ನೇ ತೆಗೆದುಬಿಡಿ. ಬರೀ ಬಿಸಿ ಏರಿಸುತ್ತಾ ಹೋಗಿ. ಆಗ ಮೊದಲು ಹೊತ್ತಿಕೊಳ್ಳುವುದು ಡೀಸೆಲ್, ಸುಮಾರು 210 ಡಿಗ್ರಿಗೆ. ಪೆಟ್ರೋಲಿಗೆ 250ರ ಮೇಲೆ ಬೇಕು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದೆ ನಡೆಯುತ್ತದಲ್ವಾ, ಅದರ ಗುಟ್ಟು ಇಲ್ಲೇ ಇದೆ.

ಕಿಡಿ ತಾಗಿಸಿ ನೋಡುವುದು ಫ್ಲ್ಯಾಶ್ ಪಾಯಿಂಟ್. ಕಿಡಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳುವುದು ಆಟೋ ಇಗ್ನಿಷನ್. ಎರಡನ್ನೂ ಒಂದೇ ಅಂದುಕೊಂಡರೆ ಅಪಾಯ. ಕಾರ್ಬನ್ ಡೈಸಲ್ಫೈಡ್ ಸುಮಾರು 90 ಡಿಗ್ರಿಗೇ ಹೊತ್ತಿಕೊಳ್ಳುತ್ತದೆ, ಅಂದರೆ ಹಬೆ ಹರಿಯುವ ಪೈಪು ಸಾಕು, ಬೆಂಕಿಪೊಟ್ಟಣ ಬೇಕಾಗಿಲ್ಲ.

ಈ ಆಟೋ ಇಗ್ನಿಷನ್ ತಾಪಮಾನವನ್ನು ಅಳೆಯುವುದಕ್ಕೆ ಹೆಚ್ಚಾಗಿ ಬಳಸುವುದು ಅಮೆರಿಕದ ಮಾನಕ ಸಂಸ್ಥೆಯೊಂದರ ಎಎಸ್‌ಟಿಎಂ ಇ659 ಅನ್ನುವ ವಿಧಾನ. ಮನೆಯಲ್ಲಿ ಮಾಡುವಂಥದ್ದಲ್ಲ, ಲ್ಯಾಬಿನ ಕೆಲಸ. ಹೊಗೆ ಎಳೆಯುವ ಫ್ಯೂಮ್ ಹುಡ್ ಒಳಗೆ, ಕನ್ನಡಕ, ಮುಖಕ್ಕೆ ಶೀಲ್ಡ್, ಗ್ಲೌಸ್ ಹಾಕಿಕೊಂಡು ಮಾಡಬೇಕು. ತಾನಾಗಿ ಒಡೆದು ಸಿಡಿಯುವ ಜಾತಿಯ ರಾಸಾಯನಿಕವಾದರೆ ಈ ಪರೀಕ್ಷೆಗೆ ಇಡಲೇಬೇಡಿ.

ಬೇಕಾಗುವುದು 500 ಮಿಲಿಲೀಟರಿನ ಒಂದು ದುಂಡು ತಳದ ಗಾಜಿನ ಫ್ಲಾಸ್ಕ್. ಶಾಖ ತಾಳುವ ಬೋರೋಸಿಲಿಕೇಟ್ ಗಾಜು ಆಗಿರಬೇಕು. ಅದರ ಮೈಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಹೊಳೆಯುವ ಬದಿ ಗಾಜಿನ ಕಡೆ ಇರುವಂತೆ ನೋಡಿಕೊಂಡು, ವಿದ್ಯುತ್ ಕುಲುಮೆಯೊಳಗೆ ಕೂರಿಸುತ್ತಾರೆ. ಬಾಯಿ ಮಾತ್ರ ತೆರೆದಿರುತ್ತದೆ. ತಾಪಮಾನ ನೋಡಲು ಥರ್ಮೋಕಪಲ್ ನಾಲ್ಕು: ಹೊರಮೈಗೆ ಮೇಲೆ, ನಡುವೆ, ಕೆಳಗೆ ಒಂದೊಂದು, ಇನ್ನೊಂದು ಫ್ಲಾಸ್ಕಿನ ಒಳಗಿನ ಗಾಳಿಯಲ್ಲಿ. ಕೊನೆಗೆ ಬರೆಯುವ ಲೆಕ್ಕ ಆ ಒಳಗಿನದರದ್ದೇ. ಹೊರಗಿನ ಮೂರು ಇರುವುದು ಬಿಸಿ ಎಲ್ಲ ಕಡೆ ಸಮವಾಗಿದೆಯಾ ಅಂತ ತಿಳಿಯಲು. ಫ್ಲಾಸ್ಕಿನ ಬಾಯಿಯ ಮೇಲೆ ಓರೆಯಾಗಿ ಒಂದು ಕನ್ನಡಿ ಬೇಕು, ಯಾಕೆಂದರೆ ಯಾವ ಕ್ಷಣದಲ್ಲಾದರೂ ಉರಿ ಚಿಮ್ಮಬಹುದಾದ ಬಾಯೊಳಗೆ ನೇರವಾಗಿ ಬಗ್ಗಿ ನೋಡುವ ಧೈರ್ಯ ಯಾರೂ ಮಾಡಬಾರದು.

ಬಿಸಿ ಒಂದೇ ಮಟ್ಟದಲ್ಲಿ ನಿಂತ ಮೇಲೆ ಕೋಣೆಯ ದೀಪ ಆರಿಸಿ. ಸಿರಿಂಜಿನಲ್ಲಿ 100 ಮೈಕ್ರೋಲೀಟರ್ ದ್ರವ ತೆಗೆದುಕೊಂಡು, ಅಂದರೆ ಎರಡು ಮೂರು ಹನಿಯಷ್ಟು, ಫ್ಲಾಸ್ಕಿನೊಳಗೆ ಸರಕ್ಕನೆ ಬಿಟ್ಟು ಕೈ ಹಿಂದಕ್ಕೆ ತೆಗೆಯಿರಿ. ಆ ಕ್ಷಣವೇ ಗಡಿಯಾರ ಒತ್ತಿ. ಸೂಜಿ ಉದ್ದವಾಗಿದ್ದು ಬಗ್ಗಿಸಿದ್ದರೆ ಕೈ ಬಾಯಿಯ ನೇರಕ್ಕೆ ಬರುವುದಿಲ್ಲ. ಬೇಗ ಆವಿಯಾಗುವ ದ್ರವವಾದರೆ ಮೊದಲೇ ತಣ್ಣಗೆ ಮಾಡಿಟ್ಟಿರಿ, ಇಲ್ಲದಿದ್ದರೆ ಸಿರಿಂಜಿನಲ್ಲೇ ಗುಳ್ಳೆ ಕಟ್ಟಿ ಅಳತೆ ಕೆಡುತ್ತದೆ.

ಇನ್ನು ಕಾಯಬೇಕು. ಹನಿ ಬಿದ್ದ ಕೂಡಲೇ ಒಳಗಿನ ತಾಪಮಾನ ಸ್ವಲ್ಪ ಇಳಿಯುತ್ತದೆ, ಆವಿಯಾಗಲು ಅದು ಶಾಖ ಎಳೆದುಕೊಂಡಿತಲ್ಲ. ಆಮೇಲೆ ಮೆಲ್ಲಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಏನೂ ಆಗುವುದಿಲ್ಲ. ಒಂದು ನಿಮಿಷ, ಎರಡು, ಐದು. ಆಮೇಲೆ ಇದ್ದಕ್ಕಿದ್ದಂತೆ ಕನ್ನಡಿಯಲ್ಲಿ ಹಳದಿಯೋ ನೀಲಿಯೋ ಜ್ವಾಲೆ, ಜೊತೆಗೇ ತಾಪಮಾನ ಜಿಗಿಯುತ್ತದೆ. ಇವೆರಡೂ ಒಟ್ಟಿಗೆ ಕಂಡರೆ ಹೊತ್ತಿಕೊಂಡಿತು ಅಂತ ಲೆಕ್ಕ. ಕೆಲವೊಮ್ಮೆ ಮಬ್ಬು ನೀಲಿಯ ಹೊಳಪೊಂದು ಸುಮ್ನೆ ಹಾದುಹೋಗುತ್ತದೆ, ತಾಪಮಾನ ತುಸು ಮಾತ್ರ ಏರುತ್ತದೆ. ಇದಕ್ಕೆ ತಂಪು ಜ್ವಾಲೆ ಅನ್ನುತ್ತಾರೆ. ಅದನ್ನು ಬೇರೆಯಾಗಿ ಬರೆದುಕೊಳ್ಳಿ. ದೀಪ ಆರಿಸುವುದು ಮುಖ್ಯವಾಗಿ ಇದಕ್ಕೇ, ಬೆಳಕಿದ್ದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

10 ನಿಮಿಷ ಕಳೆದರೂ ಏನೂ ಇಲ್ಲ ಅಂದರೆ ಆ ಬಿಸಿಗೆ ಹೊತ್ತಿಕೊಳ್ಳಲಿಲ್ಲ ಅಂತ ಬರೆಯಿರಿ. ನಾನು ಮೊದಮೊದಲು ಎರಡು ನಿಮಿಷಕ್ಕೇ ಬೇಸತ್ತು ಬಿಟ್ಟುಬಿಡುತ್ತಿದ್ದೆ, ಹಾಗಾಗಿ ನನ್ನ ಲೆಕ್ಕ ಯಾವಾಗಲೂ ಜಾಸ್ತಿ ಬರುತ್ತಿತ್ತು. ಬಿಸಿ ಕಮ್ಮಿಯಾದಷ್ಟೂ ಹೊತ್ತಿಕೊಳ್ಳಲು ತಡ ಹೆಚ್ಚು. ನಮಗೆ ಬೇಕಾದ ತೀರಾ ಕೆಳಗಿನ ತಾಪಮಾನದಲ್ಲೇ ಎಲ್ಲಕ್ಕಿಂತ ಹೆಚ್ಚು ಕಾಯಬೇಕು!

ಪ್ರತಿ ಸಲವೂ ಫ್ಲಾಸ್ಕಿಗೆ ಬಿಸಿಗಾಳಿ ಊದಿ ಹಳೆಯ ಹೊಗೆ ಪೂರ್ತಿ ತೆಗೆಯಿರಿ. ತಲೆಗೂದಲು ಒಣಗಿಸುವ ಡ್ರೈಯರ್ ಇದಕ್ಕೆ ಚೆನ್ನಾಗಿ ಆಗುತ್ತದೆ. ಹೊತ್ತಿಕೊಳ್ಳದಿದ್ದರೆ 30 ಡಿಗ್ರಿ ಏರಿಸಿ, ಹೊತ್ತಿಕೊಂಡರೆ ಇಳಿಸಿ. ಗಡಿ ಹತ್ತಿರ ಬಂದಾಗ ಎರಡು ಮೂರು ಡಿಗ್ರಿಯ ಹೆಜ್ಜೆ ಸಾಕು. ಅಲ್ಲಿಗೇ ಮುಗಿಯುವುದಿಲ್ಲ. ಈಗ ಅದೇ ಕೆಲಸ 150 ಮೈಕ್ರೋಲೀಟರ್ ಹಾಕಿ ಮಾಡಿ. ಅದು ಇನ್ನೂ ಕಮ್ಮಿ ಬಿಸಿಗೆ ಹೊತ್ತಿಕೊಂಡರೆ 250 ಮೈಕ್ರೋಲೀಟರಿಗೆ ಹೋಗಿ, ಇಲ್ಲದಿದ್ದರೆ 50 ಮೈಕ್ರೋಲೀಟರಿಗೆ ಇಳಿಯಿರಿ. ಆವಿ ತೆಳುವಾದರೂ ಹೊತ್ತಿಕೊಳ್ಳದು, ದಟ್ಟವಾದರೂ ಹೊತ್ತಿಕೊಳ್ಳದು, ಹದ ಎಲ್ಲಿದೆ ಅನ್ನುವುದನ್ನು ಹೀಗೆ ಹುಡುಕಿಯೇ ತಿಳಿಯಬೇಕು. ಎಲ್ಲದರಲ್ಲೂ ಸಿಕ್ಕ ತೀರಾ ಕಮ್ಮಿ ತಾಪಮಾನವೇ ಉತ್ತರ. ಗಾಜಿನ ಒಳಗೆ ಕರಿ ಅಂಟಿಕೊಂಡಿದ್ದರೆ ಫ್ಲಾಸ್ಕ್ ಬದಲಿಸಿ, ಕರಿ ಅಂಟಿದ ಗಾಜನ್ನು ನಂಬುವಂತಿಲ್ಲ.

ಇಷ್ಟೆಲ್ಲ ಮಾಡಿ ಪಡೆದ ಲೆಕ್ಕ ಆ ದ್ರವದ್ದು ಮಾತ್ರ ಅಲ್ಲ, ಆ ಫ್ಲಾಸ್ಕಿನದ್ದೂ ಹೌದು. ಪಾತ್ರೆ ದೊಡ್ಡದಾದರೆ ಒಳಗೆ ಹುಟ್ಟಿದ ಶಾಖ ಗೋಡೆಯ ಮೂಲಕ ಅಷ್ಟು ಬೇಗ ಸೋರಿಹೋಗುವುದಿಲ್ಲ, ಹಾಗಾಗಿ ಇನ್ನೂ ಕಮ್ಮಿ ಬಿಸಿಗೆ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಾದರೂ ಸಾಮಾನ್ಯವಾಗಿ ಹಾಗೆಯೇ. ಯುರೋಪಿನ ಇಎನ್ 14522 ವಿಧಾನದಲ್ಲಿ 200 ಮಿಲಿಲೀಟರಿನ ಶಂಕುವಿನಾಕಾರದ ಫ್ಲಾಸ್ಕ್ ಬಳಸುತ್ತಾರೆ, ಹೊತ್ತಿಕೊಳ್ಳುತ್ತದಾ ಅಂತ ನೋಡುವುದು 5 ನಿಮಿಷ ಮಾತ್ರ. ಒಂದೇ ದ್ರವಕ್ಕೆ ಎರಡು ಸುರಕ್ಷತಾ ಪತ್ರಗಳಲ್ಲಿ ಬೇರೆ ಬೇರೆ ಸಂಖ್ಯೆ ಕಂಡರೆ ಗಾಬರಿ ಬೇಡ, ಯಾವ ವಿಧಾನ ಅಂತ ಮೊದಲು ನೋಡಿ. ನಿಮ್ಮ ವರದಿಯಲ್ಲೂ ತಾಪಮಾನದ ಪಕ್ಕದಲ್ಲೇ ವಿಧಾನದ ಹೆಸರು, ದ್ರವದ ಅಳತೆ, ಹೊತ್ತಿಕೊಳ್ಳಲು ತಗೊಂಡ ಸೆಕೆಂಡು, ಆ ದಿನದ ಗಾಳಿಯ ಒತ್ತಡ ಬರೆದಿಡಿ.