ಮದ್ದಳೆ ಫಿಸಿಕ್ಸ್ ಲ್ಯಾಬಿಗೆ ಬಂದದ್ದು

ನಾನು ಉಡುಪಿ ಹತ್ರದ ಒಂದು ಪಿಯು ಕಾಲೇಜಲ್ಲಿ ಫಿಸಿಕ್ಸ್ ಮಾಷ್ಟ್ರು, ರಾತ್ರಿ ಎಲ್ಲಾದ್ರೂ ಹವ್ಯಾಸಿಗಳ ಯಕ್ಷಗಾನದ ಆಟ ಉಂಟು ಅಂದ್ರೆ ಮದ್ದಳೆ ಬಾರಿಸ್ಲಿಕ್ಕೂ ಹೋಗ್ತೇನೆ. ಹದಿನೈದು ವರ್ಷ ಈ ಎರಡು ಕೆಲಸ ಒಂದಕ್ಕೊಂದು ಮುಖ ಕೂಡ ನೋಡಿರ್ಲಿಲ್ಲ. ನಮ್ಮ ಕಾಲೇಜಲ್ಲಿ ಸೈನ್ಸಿನವರಿಗೆ ಮೇಲಿನ ಮಾಳಿಗೆ, ಆರ್ಟ್ಸಿನವರಿಗೆ ಕೆಳಗೆ, ಮಧ್ಯದ ಮೆಟ್ಟಿಲಲ್ಲಿ ಯಾರೂ ನಿಲ್ಲುದಿಲ್ಲ, ನಾನೂ ನಿಂತವನಲ್ಲ.

ಶುರುವಾದದ್ದು ಒಂದು ಪ್ರಶ್ನೆಯಿಂದ. ಫಸ್ಟ್ ಪಿಯುಸಿಗೆ ಅಲೆಗಳ ಪಾಠ, ತಂತಿಯ ಕಂಪನ ಆಯ್ತು, ಕೊಳವೆಯ ಕಂಪನ ಆಯ್ತು, ತಬಲಾದ ಚರ್ಮದ ಬಗ್ಗೆ ಪುಸ್ತಕದಲ್ಲಿ ಎರಡು ಸಾಲು, ಲೆಕ್ಕ ಇನ್ನೂ ಕ್ಲಿಷ್ಟ ಅಂತ ಹೇಳಿ ಬಿಟ್ಟಿದ್ದಾರೆ, ನಾನೂ ಬಿಟ್ಟೆ. ಆಗ ಹಿಂದಿನ ಬೆಂಚಿನ ಹುಡುಗಿ ಒಬ್ಬಳು, "ಸರ್, ನಿಮ್ಮ ಮದ್ದಳೆ ಭಾಗವತರ ಶ್ರುತಿಗೆ ಸೇರ್ತದೆ, ನಮ್ಮ ಬ್ಯಾಂಡ್ ಸೆಟ್ಟಿನ ಡ್ರಮ್ಮು ಯಾಕೆ ಸೇರುದಿಲ್ಲ?" ಅಂತ ಕೇಳಿದ್ಲು. ಚರ್ಮದ ಬಿಗಿ, ಮರದ ಗುಣ ಅಂತೇನೋ ಹೇಳಿ ಬೆಲ್ ಆಗುವ ತನಕ ದಬಾಯಿಸಿದೆ. ಮನೆಗೆ ಬಂದ ಮೇಲೆ ನಾಚಿಕೆ ಆಯ್ತು, ದಿನಾ ಕೈಯಲ್ಲಿ ಮುಟ್ಟುವ ವಸ್ತು ಅದು.

ಹುಡುಕಿದ್ರೆ ಉತ್ತರ ನೂರು ವರ್ಷ ಹಳೇದು, ಕೊಟ್ಟವರು ಸಿ. ವಿ. ರಾಮನ್. 1920 ರಲ್ಲಿ, ಅಂದ್ರೆ ನೊಬೆಲ್ ಬರುವ ಹತ್ತು ವರ್ಷ ಮೊದಲು, ಶಿವಕಾಳಿ ಕುಮಾರ್ ಅನ್ನುವವರ ಜೊತೆ ಸೇರಿ ನಮ್ಮ ಮೃದಂಗ ತಬಲಾಗಳ ಮೇಲೆ ನೇಚರ್ ಪತ್ರಿಕೆಗೆ ಬರೆದಿದ್ರು, 1934 ರಲ್ಲಿ ಇನ್ನೊಮ್ಮೆ ವಿಸ್ತಾರವಾಗಿ. ವಿಷಯ ಇಷ್ಟೇ. ಬರೀ ಚರ್ಮ ಬಿಗಿದ ಡ್ರಮ್ಮಿಗೆ ಹೊಡೆದ್ರೆ ಹುಟ್ಟುವ ಕಂಪನಗಳು, ಮೊದಲನೇದರ ವೇಗ 1 ಅಂತ ಇಟ್ರೆ, ಲೆಕ್ಕದ ಪ್ರಕಾರ 1, 1.59, 2.14, 2.30 ಹೀಗೆ ಹೋಗ್ತವೆ, ಒಂದಕ್ಕೊಂದು ಸಂಬಂಧ ಇಲ್ಲ, ಕಿವಿಗೆ ಅದು ಸ್ವರ ಅಲ್ಲ, ಬರೀ ಸದ್ದು. ಈಗ ನಡುವಿಗೆ ಕರಣೆ, ಅಂದ್ರೆ ಆ ಕಪ್ಪು ಲೇಪ, ಹಾಕಿ. ಮೊದಲನೇ ಕಂಪನದಲ್ಲಿ ಚರ್ಮದ ನಡುವೇ ಎಲ್ಲಕ್ಕಿಂತ ಹೆಚ್ಚು ಕುಣಿಯುವುದು, ಹಾಗಾಗಿ ಅಲ್ಲಿ ತೂಕ ಬಿದ್ರೆ ಅದು ತುಂಬಾ ನಿಧಾನ ಆಗ್ತದೆ. ಎರಡನೇದರಲ್ಲಿ ಒಂದು ಬದಿ ಏರಿದಾಗ ಇನ್ನೊಂದು ಬದಿ ಇಳೀತದೆ, ನಟ್ಟನಡುವೆ ಅಲ್ಲಾಟವೇ ಇಲ್ಲ, ಅದಕ್ಕೆ ಕರಣೆಯ ಭಾರ ಅಷ್ಟು ತಾಗುದಿಲ್ಲ. ಅಂತೂ 1.59 ಇದ್ದ ಅಂತರ ಹಿಗ್ಗಿ 2 ಕ್ಕೆ ಬಂದು ಕೂತ್ಕೊಳ್ತದೆ. ಹೀಗೆ ಒಂಬತ್ತು ಕಂಪನಗಳು ಸೇರಿ 1, 2, 3, 4, 5 ಅಂತ ಐದು ಸ್ವರಗಳಾಗಿ ಗುಂಪು ಕಟ್ತವೆ ಅಂತ ರಾಮನ್ ತೋರಿಸಿದ್ರು. ಓದಿ ಮುಗಿಸಿ ಆ ರಾತ್ರಿ ಮದ್ದಳೆ ಹತ್ರ ಸುಮ್ನೆ ಕೂತಿದ್ದೆ.

ಮರುವಾರ ನಾನು ಮಾಡಿದ್ದು ಮಾತ್ರ ಶುದ್ಧ ಬೋಳೇತನ. ಪಿಪಿಟಿ ಮಾಡಿದೆ, ಮೊದಲ ಸ್ಲೈಡಲ್ಲಿ ಕೇದಗೆ ಮುಂದಲೆಯ ವೇಷದ ಫೋಟೋ, ಎರಡನೇ ಸ್ಲೈಡಿಂದಲೇ ಚರ್ಮದ ಕಂಪನ ಲೆಕ್ಕ ಹಾಕುವ ಬೆಸೆಲ್ ಸಮೀಕರಣ. ಮಕ್ಕಳು ಫೋಟೋ ನೋಡಿ ನಕ್ಕರು, ಸಮೀಕರಣ ನೋಡಿ ಮಲಗಿದ್ರು. ಈಗ ಸೆಮಿನಾರುಗಳಲ್ಲಿ ಕಲೆ ವಿಜ್ಞಾನದ ಸಂಗಮ ಅಂತ ನಡೀತದಲ್ಲ, ಬಹುಪಾಲು ಇದೇ ಕತೆ, ಕಲೆ ಅಂದ್ರೆ ತೋರಣ ಕಟ್ಲಿಕ್ಕೆ. ಕೋಟದ ಶಿವರಾಮ ಕಾರಂತರು ಯಕ್ಷಗಾನವನ್ನೂ ಅಗೆದು ನೋಡಿದ್ರು, ನಾಲ್ಕು ಸಂಪುಟ ವಿಜ್ಞಾನ ಪ್ರಪಂಚವನ್ನೂ ಬರೆದ್ರು, ಅವರಿಗೆ ಯಾರೂ ಇಂಟರ್‌ಡಿಸಿಪ್ಲಿನರಿ ಅಂತ ಸರ್ಟಿಫಿಕೇಟ್ ಕೊಡುವ ಅಗತ್ಯ ಬೀಳ್ಲಿಲ್ಲ.

ಎರಡನೇ ಸಲ ನನ್ನ ಮದ್ದಳೆಗೆ ಮುಚ್ಚಿಗೆ, ಅಂದ್ರೆ ಬಾರಿಸುವ ಚರ್ಮ, ಕಟ್ಟಿಕೊಡುವ ಅಜ್ಜನನ್ನೇ ಲ್ಯಾಬಿಗೆ ಕರ್ಕೊಂಡು ಬಂದೆ. (ಲ್ಯಾಬಲ್ಲಿ ಎಂತ ಮೇಳವಾ ಅಂತ ಸ್ಟಾಫ್ ರೂಮಲ್ಲಿ ಕೇಳಿದವರು ಇದ್ರು, ಇರ್ಲಿ.) ಅಜ್ಜ ಕಬ್ಬಿಣದ ಕಿಟ್ಟದ ಪುಡಿ, ಅನ್ನ, ನಯವಾದ ಒಂದು ಕಲ್ಲು ತಂದಿದ್ರು. ಅನ್ನದ ಜೊತೆ ಪುಡಿ ಅರೆದು ತೆಳ್ಳಗೆ ಒಂದು ಸುತ್ತು ಹಚ್ಚುದು, ಒಣಗಿದ ಹಾಗೆ ಕಲ್ಲಲ್ಲಿ ತಿಕ್ಕುದು, ಮತ್ತೆ ಒಂದು ಸುತ್ತು. ನಡುವೆ ದಪ್ಪ, ಅಂಚಿಗೆ ಹೋದ ಹಾಗೆ ತೆಳು. ತಿಕ್ಕಿದಾಗ ಸಣ್ಣ ಸಣ್ಣ ಬಿರುಕು ಬೀಳ್ತದೆ, ಅಯ್ಯೋ ಹಾಳಾಯ್ತು ಅಂದ ಒಬ್ಬ ಹುಡುಗ. ಹಾಳಲ್ಲ, ಅದೇ ಬೇಕಾದ್ದು, ಬಿರುಕು ಇದ್ರೆ ಮಾತ್ರ ಕರಣೆ ಚರ್ಮದ ಜೊತೆ ಬಗ್ಗುದು, ಇಲ್ಲದಿದ್ರೆ ಬಿಲ್ಲೆ ಅಂಟಿಸಿದ ಹಾಗೆ ಸೆಟೆದು ನಿಲ್ತದೆ. ಎಷ್ಟು ಸುತ್ತು ಅಂತ ಹೇಗೆ ಗೊತ್ತಾಗ್ತದೆ ಅಜ್ಜ ಅಂತ ಮಕ್ಕಳು ಕೇಳಿದ್ರು. "ಒಂದ್ ಸುತ್ತ್ ಹೆಚ್ಚಾದ್ರೆ ಮೂಕ ಆತ್ತ್, ಕಮ್ಮಿ ಆದ್ರೆ ಬರೀ ಅರಚತ್ತ್" ಅಂದ್ರು. ನಾನು ಬೋರ್ಡಲ್ಲಿ 1.59 ರಿಂದ 2 ಕ್ಕೆ ಒಂದು ಬಾಣ ಎಳೆದೆ, ಅಷ್ಟೇ, ಆ ದಿವಸ ಬೇರೆ ಪಾಠ ಬೇಕಾಗ್ಲಿಲ್ಲ.

ಮತ್ತೆ ಫೋನು. ಫೈಫಾಕ್ಸ್ ಅಂತ ಆ್ಯಪ್ ಉಂಟು, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರದ್ದು, ಫ್ರೀ, ಅದರಲ್ಲಿ ಆಡಿಯೋ ಸ್ಪೆಕ್ಟ್ರಮ್ ಅಂತ ಬರ್ತದೆ, ಸದ್ದಲ್ಲಿ ಯಾವ್ಯಾವ ಕಂಪನ ಎಷ್ಟು ಉಂಟು ಅಂತ ಗೆರೆಯಲ್ಲಿ ತೋರಿಸುವಂಥದ್ದು. ಮಾಡುವವರಿಗೆ ಒಂದು ಮಾತು, ಫ್ಯಾನ್ ಆಫ್ ಮಾಡಿ, ಫೋನು ಒಂದು ಗೇಣು ದೂರ ಇಡಿ, ಮದ್ದಳೆಯ ಎಡಬದಿಗೆ ಬಟ್ಟೆ ಒತ್ತಿ. ಸ್ಯಾಂಪಲ್ 4096 ಇಟ್ರೆ ಸುಮಾರು 12 ಹರ್ಟ್ಸ್‌ಗಿಂತ ಸೂಕ್ಷ್ಮ ಕಾಣುದಿಲ್ಲ, 16384 ಇಟ್ರೆ 3 ರ ತನಕ ಬರ್ತದೆ, ಆದ್ರೆ ಆಗ ಫೋನು ಸೆಕೆಂಡಿನ ಮೂರನೇ ಒಂದು ಭಾಗ ಕೇಳ್ಬೇಕು, ಪೆಟ್ಟು ಬಿದ್ದ ಕೂಡ್ಲೇ ನಾದ ಇಳೀಲಿಕ್ಕೆ ಶುರುವಾಗಿರ್ತದೆ. ನಾಲ್ಕೈದು ಸಲ ಹೊಡೀಬೇಕು.

ನನ್ನ ಮದ್ದಳೆ ಹಾರ್ಮೋನಿಯಮ್ಮಿನ ಕಪ್ಪು ಒಂದರ ಶ್ರುತಿಯದ್ದು, ಅಂದ್ರೆ 277 ಹರ್ಟ್ಸ್ ಆಸುಪಾಸು. ಉಂಗುರ ಬೆರಳನ್ನು ಹಗುರ ತಾಗಿಸಿ ತೋರುಬೆರಳಲ್ಲಿ ಅಂಚಿಗೆ ಹೊಡೆದೆ. 277 ರ ಹತ್ರ ಒಂದು ಉದ್ದ ಗೆರೆ, 415 ರ ಹತ್ರ ಒಂದು, 554 ರ ಹತ್ರ ಒಂದು. ಸಂಗೀತ ಕಲಿಯುವ ಹುಡುಗಿ ಥಟ್ಟಂತ ಅಂದ್ಲು, "ಸರ್ ಇದು ಸ ಪ ಸ ಅಲ್ವಾ!" ಹೌದು ಮಾರಾಯ್ತಿ, 2, 3, 4. ಒಂದು ಪೆಟ್ಟಲ್ಲಿ ಷಡ್ಜ, ಪಂಚಮ, ಮೇಲಿನ ಷಡ್ಜ. ಹಾಗಾದ್ರೆ ಒಂದನೇದು ಎಲ್ಲಿ? 139 ರಲ್ಲಿ ಸಣ್ಣ ಗುಡ್ಡ ಮಾತ್ರ, ಯಾಕಂದ್ರೆ ಆ ಉಂಗುರ ಬೆರಳು ಅದನ್ನೇ ಒತ್ತಿ ಹಿಡಿದದ್ದು. ನನ್ನ ಗುರುಗಳು ಬೆರಳಿನ ಜಾಗ ತಪ್ಪಿದಾಗೆಲ್ಲ ಗೆಣ್ಣಿಗೆ ಕುಟ್ಟಿದ್ದು ನೆನಪಾಯ್ತು. ಬ್ಯಾಂಡ್ ಸೆಟ್ಟಿನ ಡ್ರಮ್ಮಲ್ಲಿ ಗೆರೆಗಳು ಚೆಲ್ಲಾಪಿಲ್ಲಿ, ಪುಸ್ತಕದ 1.59 ಕ್ಕೂ ಸರಿ ಬರ್ಲಿಲ್ಲ, ಚರ್ಮದ ಜೊತೆ ಗಾಳಿಯೂ ಅಲ್ಲಾಡ್ತದಲ್ಲ.

ರಾಮನ್ ಚರ್ಮದ ಮೇಲೆ ಮರಳು ಉದುರಿಸಿ ಕಂಪನದ ಆಕಾರ ನೋಡಿದ್ರು, ನಾವೂ ನೋಡುವ ಅಂತ ಮಲ್ಪೆಯಿಂದ ಒಂದು ಮುಷ್ಟಿ ಹೊಯಿಗೆ ತಂದೆ. ಉಪ್ಪಿನ ಪಸೆಗೆ ಅಂಟಿ ಕೂತಿತು, ಅಲ್ಲಾಡ್ಲಿಲ್ಲ. ತೊಳೆದು ಮನೆಯಲ್ಲಿ ಕಾವಲಿಗೆ ಹಾಕಿ ಹುರಿದೆ, ದೋಸೆ ಕಾವಲಿ ಅದು, ಹೆಂಡತಿ ಎರಡು ದಿವಸ ಮಾತು ಬಿಟ್ಲು. ಆದ್ರೆ ಹುರಿದ ಹೊಯಿಗೆ ಕೆಲಸ ಮಾಡ್ತು. ಬೆರಳು ತಾಗಿಸಿ ಮೆಲ್ಲ ಮೆಲ್ಲ ತಟ್ಟಿದ ಹಾಗೆ ಬೆರಳಿಂದ ಎದುರು ಅಂಚಿನ ತನಕ ಅಡ್ಡಕ್ಕೆ ಒಂದು ಸಾಲು ಕಟ್ಟಿತು, ಅಲ್ಲಾಟ ಇಲ್ಲದ ಜಾಗ ಅದು. ಅಜ್ಜ ಮಾತ್ರ "ಹೊಯ್ಗಿ ಕರಣೆ ಒಳ್ಗೆ ಹೋದ್ರೆ ನಾನ್ ರಿಪೇರಿ ಮಾಡುದಿಲ್ಲ ಮಾಷ್ಟ್ರೆ" ಅಂದ್ರು. ಈಗ ಹಳೇ ಮುಚ್ಚಿಗೆಯಲ್ಲೇ ಮಾಡ್ತೇವೆ.

ಆಗಸ್ಟಲ್ಲಿ ಮತ್ತೆ ಮಾಡಿದಾಗ ಮಳೆ ಹಿಡಿದು ಚರ್ಮ ಸಡಿಲಾಗಿ ಗೆರೆ 262 ಕ್ಕೆ ಇಳಿದಿತ್ತು, ಅಂದ್ರೆ ಬಿಳಿ ಒಂದಕ್ಕೆ. ಬಲ್ಬಿನ ಬಿಸಿ ಕೊಟ್ಟು, ಅಂಚಿಗೆ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟು ಏರಿಸ್ಬೇಕು. ಮಕ್ಕಳು ಪ್ರತಿ ಪೆಟ್ಟಿಗೂ ಫೋನು ಇಣುಕುದು ನೋಡಿ ಅಜ್ಜ ಫೋನನ್ನು ಕವುಚಿ ಹಾಕಿದ್ರು, "ಮೊದ್ಲ್ ಕೆಮಿ ಕೊಡಿ", ಅಂದ್ರೆ ಕಿವಿ. ಈಗ ಲ್ಯಾಬಲ್ಲಿ ಅದೇ ಕ್ರಮ. ಶ್ರುತಿಪೆಟ್ಟಿಗೆ ಹಾಕಿ, ಮದ್ದಳೆ ಮೇಲೆ ಉಂಟಾ ಕೆಳಗೆ ಉಂಟಾ ಅಂತ ಎಲ್ಲರೂ ಚೀಟಿಯಲ್ಲಿ ಬರೀಬೇಕು, ಆಮೇಲೆ ಫೋನು ತಿರುಗಿಸುದು. ಕಳೆದ ವಾರ ಹನ್ನೊಂದು ಚೀಟಿಯಲ್ಲಿ ಒಂಬತ್ತು ಸರಿ ಇದ್ದವು, ತಪ್ಪಿದ ಎರಡರಲ್ಲಿ ಒಂದು ನನ್ನದು.